ಕುಂಡ ಮೀರಿದ ಬೇರು

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಒತ್ತಾಯಿಸಿದರು. ಶಾಲೆ ಬೆಳೆದುಬಂದ ದಾರಿಯನ್ನೂ ನಮ್ಮನ್ನು ತಿದ್ದಿದ ಗುರುಗಳ ಹಿರಿಮೆಯನ್ನೂ ಬರೆಯಲು ನನಗಿಂತ ಅರ್ಹರು ಅನೇಕರಿದ್ದಾರೆ. ಅವರು ಆ ಕೆಲಸವನ್ನು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಸಮರ್ಥವಾಗಿ ಮಾಡಿಯೇ ಇರುತ್ತಾರೆ. ಕೃಷಿಕನಾದ ನಾನು ಅಷ್ಟಿಷ್ಟು ಬಲ್ಲುದು ಗಿಡ, ಮಣ್ಣು, ನೀರುಗಳ ವಿಚಾರ. ಆದುದರಿಂದ ಒಂದು ಗಿಡದ ವಿಷಯವನ್ನೇ ಬರೆಯುತ್ತೇನೆ. ಅದು ಅಡಿಕೆಯೂ ಅಲ್ಲ, ಕರಿಮೆಣಸೂ ಅಲ್ಲ. ಅಂಗಡಿಯಿಂದ ಕೊಂಡು ತಂದ ಒಂದು ಆರ್ಕಿಡ್.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗಳು ಮೂರು ವರ್ಷಗಳ ಹಿಂದೆ ಊರಿಗೆ ಬರುವಾಗ ಅದನ್ನು ತಂದಳು. ಅಂಗೈಯಗಲದ ಪಾರದರ್ಶಕ ಪ್ಲಾಸ್ಟಿಕ್ ಕುಂಡ, ನಾಲ್ಕೈದು ದಪ್ಪ ಎಲೆ, ಬಿಲ್ಲಿನಂತೆ ಬಾಗಿದ ದಂಟಿನ ತುಂಬ ಬಿಳಿಯ ಹೂಗಳು. ಫೆಲನಾಪ್ಸಿಸ್ ಎಂದು ಅದರ ಹೆಸರು. ಪತಂಗದಂತೆ ಕಾಣುವುದು ಎಂಬುದು ಆ ಗ್ರೀಕ್ ಪದಗಳ ಅರ್ಥ. 1825ರಲ್ಲಿ ಬ್ಲೂಮ್ ಎಂಬ ಸಸ್ಯಶಾಸ್ತ್ರಜ್ಞ ಇಟ್ಟ ಹೆಸರದು. ಇದರ ಬಂಧುಬಳಗ ಹೆಚ್ಚಾಗಿ ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಮುಂತಾದ ದ್ವೀಪಗಳ ಮಳೆಕಾಡಿನಲ್ಲಿದೆ. ಆದರೆ ಅಂಗಡಿಗೆ ಬರುವ ಗಿಡ ಕಾಡನ್ನು ಕಂಡೇ ಇಲ್ಲ. ಅದು ಹುಟ್ಟುವುದು ಗಾಜಿನ ಬಾಟಲಿಯಲ್ಲಿ.

ಇದಕ್ಕೆ ಕಾರಣವಿದೆ. ಆರ್ಕಿಡ್ಡಿನ ಒಂದು ಕಾಯಿಯಲ್ಲಿ ಲಕ್ಷಗಟ್ಟಲೆ ಬೀಜಗಳಿರಬಹುದು. ಅವು ಧೂಳಿನಷ್ಟು ಸಣ್ಣವು. ಮೊಳೆಯುವ ಸಸಿಗೆ ಕಟ್ಟಿಕೊಡಬೇಕಾದ ಬುತ್ತಿ ಅವುಗಳೊಳಗಿಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರ ಆ ಬೀಜವನ್ನು ಹೊಕ್ಕು ಉಣಿಸಿದರೆ ಮಾತ್ರ ಅದು ಮೊಳೆಯುತ್ತದೆ. ಫ್ರಾನ್ಸಿನ ನೋಯೆಲ್ ಬೆರ್ನಾರ್ 1899ರಲ್ಲಿ ಈ ಗುಟ್ಟನ್ನು ಕಂಡುಕೊಂಡರು. ಶಿಲೀಂಧ್ರದ ಹಂಗಿಲ್ಲದೆ ಸಕ್ಕರೆ ಮತ್ತು ಲವಣಗಳ ಪಾಕದಲ್ಲಿಯೇ ಬೀಜ ಮೊಳೆಯಿಸುವ ವಿಧಾನವನ್ನು ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ಪ್ರಕಟಿಸಿದರು. ಗಿಡದ ಕುಡಿಯ ಕಣವೊಂದರಿಂದ ಅದೇ ತಳಿಯ ಅನೇಕ ಸಸಿಗಳನ್ನು ಪಡೆಯಬಹುದೆಂದು ಜಾರ್ಜ್ ಮೊರೆಲ್ 1960ರಲ್ಲಿ ತೋರಿಸಿದರು. ಒಂದು ಕಾಲಕ್ಕೆ ಶ್ರೀಮಂತರ ಗಾಜಿನ ಮನೆಗಳಿಗೆ ಮೀಸಲಾಗಿದ್ದ ಹೂವು ಇಂದು ಪೆರ್ಲದ ಸಮೀಪದ ನಮ್ಮಂಥವರ ಜಗಲಿಗೂ ಬಂದದ್ದು ಇಂಥವರ ಪರಿಶ್ರಮದಿಂದ.

ಹಾಗೆಂದು ಎಣ್ಮಕಜೆಗೆ ಈ ಕುಲ ಹೊಸದೆಂದು ತಿಳಿಯಬಾರದು. ಮಳೆಗಾಲದ ಹೊಸ್ತಿಲಲ್ಲಿ ಹಲಸು ಮಾವುಗಳ ಕೊಂಬೆಯಿಂದ ನರಿಬಾಲದಂತೆ ಇಳಿಬೀಳುವ ನಸುನೇರಳೆ ಹೂಗೊಂಚಲನ್ನು ನೋಡದ ಮಕ್ಕಳು ನಮ್ಮ ಕಾಲದಲ್ಲಿ ಇರಲಿಲ್ಲ. ಮಲೆನಾಡಿನವರು ಅದನ್ನು ಸೀತಾಳೆ ದಂಡೆ ಎನ್ನುತ್ತಾರೆ. ದೂರದ ಅಸ್ಸಾಮಿನಲ್ಲಿ ಬಿಹು ಹಬ್ಬಕ್ಕೆ ಹೆಣ್ಣುಮಕ್ಕಳು ಮುಡಿಯುವುದೂ ಇದನ್ನೇ. ಇನ್ನೊಂದು ಜಾತಿ ಕಾಸರಕನ ಮರದ ಪೊಟರೆಗಳಲ್ಲಿ ಕತ್ತಾಳೆಯಂಥ ಎಲೆಗಳ ಪೊದೆಯಾಗಿ ಕುಳಿತಿರುತ್ತದೆ. ಕೊಚ್ಚಿಯ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಹೊರತಂದ ಹೋರ್ಟಸ್ ಮಲಬಾರಿಕಸ್ ಗ್ರಂಥದಲ್ಲಿ ಇವೆರಡರ ಚಿತ್ರಗಳೂ ಇವೆ. ಎರಡನೆಯದನ್ನು ಅಲ್ಲಿ ಕಾಞಿರ ಮರದ ಹೆಸರಿನಿಂದಲೇ ಕರೆಯಲಾಗಿದೆ. ಮಲಯಾಳದ ಕಾಞಿರವೇ ನಮ್ಮ ಕಾಸರಕ. ಆ ಮರದಿಂದಲೇ ಕಾಸರಗೋಡಿಗೆ ಹೆಸರು ಬಂತೆಂಬ ಅಭಿಪ್ರಾಯವೂ ಉಂಟು. ಹೀಗೆ, ಜಗಲಿಗೆ ಬಂದ ಅತಿಥಿಯ ದಾಯಾದಿಗಳು ನಮ್ಮ ಗುಡ್ಡದಲ್ಲಿ ತಲೆತಲಾಂತರದಿಂದ ಒಕ್ಕಲಿದ್ದವರು.

ಮರದ ಮೇಲೆ ಬೆಳೆಯುವುದೆಲ್ಲ ಬಂದಣಿಕೆ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಬಂದಣಿಕೆ ಉಂಡ ಮನೆಯ ಜಂತಿ ಎಣಿಸುವ ಜಾತಿ. ಮರದ ಒಡಲಿಗೇ ಬಾಯಿಟ್ಟು ಹೀರುತ್ತದೆ. ಆರ್ಕಿಡ್ ಹಾಗಲ್ಲ. ಅದು ಕೊಂಬೆಯಿಂದ ಕೇಳುವುದು ನಿಲ್ಲಲು ಒಂದಿಷ್ಟು ತಾಣವನ್ನು ಮಾತ್ರ. ಅನ್ನಾಹಾರಗಳನ್ನು ಅದು ಮಳೆ, ಮಂಜು, ಗಾಳಿ ಮತ್ತು ತೊಗಟೆಯ ಸಂದಿನ ಕಸಗಳಿಂದ ತಾನೇ ಸಂಪಾದಿಸುತ್ತದೆ. ಅದಕ್ಕೆ ತಕ್ಕಂತೆ ಅದರ ಬೇರಿನ ರಚನೆಯಿದೆ. ಒಳಗೆ ದಾರದಂಥ ಗಟ್ಟಿ ನಡುಬೇರು. ಅದರ ಸುತ್ತ ಹಸುರಿನ ಪದರ. ಎಲ್ಲಕ್ಕೂ ಹೊರಗೆ ಸ್ಪಂಜಿನಂಥ ಬಿಳಿಯ ಹೊದಿಕೆ. ಈ ಹೊದಿಕೆಯ ಕೋಶಗಳು ಸತ್ತು ಬರಿದಾದವು, ಆದರೂ ನೀರು ಬಿದ್ದೊಡನೆ ಹೀರಿ ಹಿಡಿದಿಡುತ್ತವೆ. ಒಣಗಿದ್ದಾಗ ಬೆಳ್ಳಿಯಂತಿದ್ದ ಬೇರು ನೆನೆದಾಗ ಹಸುರಾಗುವುದು ಒಳಗಿನ ಪದರ ಕಾಣಿಸಿಕೊಳ್ಳುವುದರಿಂದ. ಎಲೆಯಂತೆ ಈ ಬೇರೂ ಬೆಳಕಿನಿಂದ ಅಷ್ಟಿಷ್ಟು ಆಹಾರ ತಯಾರಿಸಬಲ್ಲುದು. ಅಂಗಡಿಯವರು ಪಾರದರ್ಶಕ ಕುಂಡದಲ್ಲಿಡುವುದರ ಮರ್ಮವೂ ಇದೇ.

ಇಂಥ ಬೇರು ಕುಂಡದೊಳಗೆ ಎಷ್ಟು ಕಾಲ ಇದ್ದೀತು? ಮೊದಲ ಹೂವು ಉದುರುವ ಹೊತ್ತಿಗೆ ನಮ್ಮ ಗಿಡದ ಬೇರುಗಳು ಕುಂಡದೊಳಗೆ ಸಿಂಬೆಸುತ್ತಿ, ತಳದ ತೂತುಗಳಿಂದ ಇಣುಕಿ, ಮೇಲಿನ ಅಂಚನ್ನು ದಾಟಿ ನಾಲ್ಕು ದಿಕ್ಕಿಗೂ ಕೈಚಾಚಿದ್ದವು. ಮನೆಗೆ ಬಂದವರಲ್ಲಿ ಹೂವನ್ನು ಮೆಚ್ಚದವರಿಲ್ಲ. ಬೇರನ್ನು ನೋಡಿ ಮೂಗು ಮುರಿಯದವರೂ ಇಲ್ಲ. “ಇದೇನು, ಎರೆಹುಳುಗಳ ಗಂಟಿನಂತಿದೆ? ಹೊರಗೆ ಬಂದುದನ್ನೆಲ್ಲ ಕತ್ತರಿಸಿ ಚಂದ ಮಾಡಿ” ಎಂದು ಒಬ್ಬರೆಂದರೆ, “ಒತ್ತಿ ಮಣ್ಣಿನೊಳಗೆ ಹೂಳಿ” ಎಂದು ಮತ್ತೊಬ್ಬರು. ಗುಲಾಬಿಯನ್ನೊ ದಾಸವಾಳವನ್ನೊ ಕುಂಡ ಬದಲಿಸುವಾಗ ನಾವು ಬೇರನ್ನು ತುಸು ಸವರುವುದುಂಟು. ಆ ಅಭ್ಯಾಸದಿಂದ ಹೊರಟ ಸಲಹೆಗಳಿವು, ಹೇಳಿದವರದು ಹಿತಚಿಂತನೆಯೇ. ಆದರೆ ಆರ್ಕಿಡ್ಡಿನ ಮಟ್ಟಿಗೆ ಈ ಎರಡೂ ಸಲ್ಲವು. ಗಾಳಿಯಲ್ಲಿ ಬೆಳೆದ ಬೇರನ್ನು ಒಮ್ಮೆಲೇ ಒದ್ದೆ ತಾಣದಲ್ಲಿ ಹೂತರೆ ಅದು ಉಸಿರುಕಟ್ಟಿ ಕೊಳೆಯಬಹುದು. ಕತ್ತರಿಸಿದರಂತೂ ಗಿಡದ ನೀರಿನ ಕೊಡವನ್ನೇ ಒಡೆದಂತೆ. ನೀರನ್ನು ತುಂಬಿಡುವ ಗಡ್ಡೆ ಈ ಜಾತಿಗಿಲ್ಲ; ಎಲೆಯಲ್ಲಿ ಉಳಿಸಿಕೊಂಡದ್ದು ಬಿಟ್ಟರೆ ಬೇರೇ ಅದರ ಉಗ್ರಾಣ. ಬೇರು ತುಂಬಿ ಹೊರಬಂದುದು ರೋಗವಲ್ಲ, ಗಿಡದ ಆರೋಗ್ಯಕ್ಕೆ ಅದೇ ಸಾಕ್ಷಿ.

ಹಾಗಾದರೆ ಕುಂಡ ಬದಲಿಸುವುದೇಕೆ? ಬೇರಿಗಾಗಿ ಅಲ್ಲ, ಬೇರಿನ ನಡುವಿನ ಹಾಸಿಗಾಗಿ. ಅಂಗಡಿಯ ಕುಂಡದಲ್ಲಿ ತುಂಬಿದ್ದ ಪಾಚಿ ಒಂದೆರಡು ವರ್ಷಗಳಲ್ಲಿ ಕೊಳೆತು ಮುದ್ದೆಯಾಗುತ್ತದೆ, ಗಾಳಿಯಾಡುವುದಿಲ್ಲ. ಮೊದಲ ವರ್ಷ ಹೂವೆಲ್ಲ ಉದುರಿ, ಹೊಸ ಬೇರಿನ ಹಸುರು ತುದಿ ಕಂಡ ಮೇಲೆ, ಮೇಷ ಮಾಸದಲ್ಲಿ ನಾನು ಕೆಲಸಕ್ಕೆ ತೊಡಗಿದೆ. ಕುಂಡಸಹಿತ ಅರ್ಧ ಗಂಟೆ ನೀರಿನಲ್ಲಿಟ್ಟರೆ ಒಣಗಿ ಬಿರುಸಾದ ಬೇರುಗಳು ಬಳುಕುತ್ತವೆ. ಆಮೇಲೆ ಪ್ಲಾಸ್ಟಿಕ್ಕನ್ನು ಕತ್ತರಿಯಿಂದ ಸೀಳಿ ತೆಗೆದು, ಹಳೆಯ ಪಾಚಿಯನ್ನು ಬೆರಳಿನಿಂದ ಬಿಡಿಸಿ, ಒಂದೊಂದೇ ಬೇರನ್ನು ಮುಟ್ಟಿ ನೋಡಬೇಕು. ಬಣ್ಣವನ್ನಷ್ಟೇ ನಂಬಲಾಗದು. ಪಾಚಿಯೊಳಗೆ ಬೆಳಕು ಕಾಣದ ಬೇರು ಹಳದಿಯಾಗಿದ್ದರೂ ಜೀವಂತವಾಗಿರುತ್ತದೆ. ಒತ್ತಿದಾಗ ಗಟ್ಟಿಯಾಗಿದ್ದರೆ ಅದು ಬದುಕಿದೆ. ಪೊಳ್ಳಾಗಿ ಚಪ್ಪಟೆಯಾದರೆ, ಇಲ್ಲವೆ ಲೋಳೆಯಾಗಿ ಸಿಪ್ಪೆ ಜಾರಿದರೆ ಸತ್ತಿದೆ. ಸತ್ತುದನ್ನು ಮಾತ್ರ ಬೆಂಕಿಗೆ ಹಿಡಿದು ಆರಿಸಿದ ಬ್ಲೇಡಿನಿಂದ ತೆಗೆಯಬೇಕು. ನಮ್ಮ ಗಿಡದಲ್ಲಿ ಹಾಗೆ ತೆಗೆಯಬೇಕಾಗಿದ್ದುದು ಎರಡೇ ಎರಡು.

ಹೊಸ ಹಾಸಿಗೆ ಪೇಟೆಗೆ ಹೋಗಬೇಕಾಗಿಲ್ಲ. ತೆಂಗಿನ ಸಿಪ್ಪೆಯನ್ನು ಚೂರು ಮಾಡಿ, ಅದರ ಒಗರು ಬಿಡುವಂತೆ ನಾಲ್ಕಾರು ದಿನ ನೀರು ಬದಲಿಸುತ್ತ ನೆನೆಸಿಟ್ಟರಾಯಿತು. ಅದಕ್ಕೆ ಒಲೆಯ ಇದ್ದಲು, ಒಡೆದ ಹಂಚಿನ ತುಂಡು ಸೇರಿದರೆ ಸಾಕು. ಮಣ್ಣು ಮಾತ್ರ ಕೂಡದು. ಕುಂಡ ಹಿಂದಿನದಕ್ಕಿಂತ ಎರಡು ಬೆರಳಿನಷ್ಟು ದೊಡ್ಡದು, ಮೈಯಲ್ಲೆಲ್ಲ ತೂತುಗಳಿರುವ ಮಣ್ಣಿನದು. ಒಳಗೆ ತಾನಾಗಿ ಇಳಿಯುವ ಬೇರುಗಳನ್ನು ಒಳಗೆ ಬಿಟ್ಟು, ಹೊರಗಿರಲು ಬಯಸುವವನ್ನು ಹೊರಗೇ ಬಿಟ್ಟೆ. ಗಾಯ ಮಾಯುವವರೆಗೆ ಮೂರು ನಾಲ್ಕು ದಿನ ನೀರು ಕೊಡಲಿಲ್ಲ. ಬಳಿಕ ಮುರಕಲ್ಲಿನ ಗುಡ್ಡದ ಒಡಲಿನಿಂದ ಒಸರುವ ಸುರಂಗದ ನೀರು. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವುದರಿಂದ ಆಟಿಯ ಜಡಿಮಳೆಗೆ ಅದನ್ನು ನೇರ ಒಡ್ಡುವಂತಿಲ್ಲ. ಎಲೆಗಳ ನಡುವೆ ನೀರು ನಿಂತರೆ ಸುಳಿ ಕೊಳೆಯುತ್ತದೆ. ಮಾಡಿನಡಿಯ ತೇವದ ಗಾಳಿ ಮಾತ್ರ ಅದಕ್ಕೆ ಹಬ್ಬ. ಧನು ಮಕರದ ತಂಪಿಗೆ ಹೊಸ ದಂಟು ಬಂತು.

ಎಲೆಯಡಿಯಲ್ಲಿ ಬಿಳಿ ತಿಗಣೆ ಕಂಡಾಗ ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರಸುತ್ತೇನೆ. ವಿಷ ಸಿಂಪಡಿಸುವ ಸಲಹೆಯನ್ನು ಎಣ್ಮಕಜೆಯವರಿಗೆ ಯಾರೂ ಕೊಡಬೇಕಾಗಿಲ್ಲ. ಇಲ್ಲಿಯ ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಗುತ್ತಿತ್ತು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಈ ಶಾಲೆಯ ಬೆಂಚುಗಳಲ್ಲಿ ಕುಳಿತವರಿಗೆ ಆ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ವರ್ಷ ಮತ್ತೊಮ್ಮೆ ಕುಂಡ ಬದಲಿಸುವ ಕಾಲ ಬಂತು. ಈ ಬಾರಿಯ ತೊಡಕು ಬೇರೆ. ಬೇರುಗಳು ಮಣ್ಣಿನ ಕುಂಡದ ಒಳಮೈಗೂ ಹೊರಮೈಗೂ ಬಿಗಿಯಾಗಿ ಅಂಟಿಕೊಂಡಿದ್ದವು. ಎಳೆದರೆ ಬಿಳಿಯ ಹೊದಿಕೆ ಕುಂಡದಲ್ಲೇ ಉಳಿದು ಒಳಗಿನ ದಾರವಷ್ಟೇ ಕೈಗೆ ಬರುತ್ತದೆ. ಇಂಥಲ್ಲಿ ಉಪಾಯ ಒಂದೇ: ಕುಂಡವನ್ನು ಒಡೆಯಬೇಕು. ಗೋಣಿತಟ್ಟಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಬಿಡಿಸಿಕೊಂಡ ಚೂರುಗಳನ್ನು ತೆಗೆದೆ. ಬೇರು ಅಪ್ಪಿ ಹಿಡಿದ ಚೂರುಗಳನ್ನು ಬೇರಿನೊಂದಿಗೇ ಹೊಸ ಕುಂಡಕ್ಕೆ ಇಳಿಸಿದೆ. ಅವು ಅಲ್ಲಿ ಯಾರಿಗೂ ಅಡ್ಡಿಯಲ್ಲ. ಗಿಡಕ್ಕೆ ಹಳೆಯ ಆಸರೆಯೂ ತಪ್ಪಲಿಲ್ಲ, ಹೊಸ ನೆಲೆಯೂ ಸಿಕ್ಕಿತು. ಕುಂಡ ಮತ್ತೆ ದೊರೆಯುತ್ತದೆ. ಬೇರು ಬೆಳೆಯಲು ವರ್ಷಗಳು ಬೇಕು.

ಗಿಡದ ಮಾತಿನಿಂದ ಶಾಲೆಯ ಮಾತಿಗೆ ಬರುವುದಕ್ಕೆ ಓದುಗರ ಅಪ್ಪಣೆ ಬೇಡುತ್ತೇನೆ. 1956ರ ನವೆಂಬರ್ 1ರಂದು ನಮ್ಮ ನೆಲದ ಕುಂಡವನ್ನೇ ಬದಲಿಸಲಾಯಿತು. ದಕ್ಷಿಣ ಕನ್ನಡದ ಕಾಸರಗೋಡು ಕೇರಳಕ್ಕೆ ಸೇರಿತು. ಬೇರಿಗಂಟಿದ ಹಳೆಯ ಚೂರಿನಂತೆ ಕನ್ನಡ ಶಾಲೆಗಳು ನಮ್ಮೊಡನೆ ಬಂದವು. ಇಲ್ಲಿಯ ಮಗು ಮನೆಯಲ್ಲಿ ತುಳುವನ್ನೊ, ಹವ್ಯಕ ಕನ್ನಡವನ್ನೊ, ಕರಾಡ ಮರಾಠಿಯನ್ನೊ, ಕೊಂಕಣಿಯನ್ನೊ, ಬ್ಯಾರಿಯನ್ನೊ ಆಡುತ್ತದೆ. ಅಂಗಡಿಯಲ್ಲಿ, ಬಸ್ಸಿನಲ್ಲಿ ಮಲಯಾಳ ಕಲಿಯುತ್ತದೆ. ಶಾಲೆಯಲ್ಲಿ ಕನ್ನಡ ಓದುತ್ತದೆ. ಇಂಗ್ಲಿಷೂ ಹಿಂದಿಯೂ ಜೊತೆಗೂಡುತ್ತವೆ. “ಇಷ್ಟೊಂದು ಭಾಷೆ ಮಗುವಿಗೆ ಹೊರೆಯಲ್ಲವೆ? ಒಂದೆರಡನ್ನು ಬಿಡಿಸಬಾರದೆ?” ಎಂದು ತಾಯ್ತಂದೆಯರು ಕೇಳುವುದನ್ನು ನಾನು ಬಲ್ಲೆ. ಕೇಳುವವರದು ಮಗುವಿನ ಮೇಲಿನ ಕಾಳಜಿಯೇ. ಆದರೆ ಹಾಗೆ ಕತ್ತರಿ ಎತ್ತಿದಾಗ ಮೊದಲು ಬೀಳುವುದು ಹೆಚ್ಚಾಗಿ ಮನೆಮಾತು, ಅದರ ಬೆನ್ನಿಗೇ ಕನ್ನಡ. ನಾನು ಶಿಕ್ಷಣ ತಜ್ಞನಲ್ಲ. ಆದರೂ ಐವತ್ತು ವರ್ಷಗಳಿಂದ ಈ ಶಾಲೆಯಿಂದ ಹೊರಟವರು ಮಂಗಳೂರು, ಬೆಂಗಳೂರು, ಕೊಲ್ಲಿ ರಾಷ್ಟ್ರಗಳಲ್ಲಿ ಬದುಕು ಕಟ್ಟಿಕೊಂಡುದನ್ನು ನೋಡಿದ್ದೇನೆ. ಅವರಲ್ಲಿ ಯಾರಿಗೂ ತಾನು ಬಲ್ಲ ಭಾಷೆಯೊಂದು ಹೆಚ್ಚಾಯಿತೆಂದು ಹೇಳಿದ್ದು ನೆನಪಿಲ್ಲ. ಗಟ್ಟಿಯಾಗಿರುವ ಬೇರು ಕುಂಡದ ಹೊರಗಿದ್ದರೂ ಗಿಡಕ್ಕೆ ನೀರನ್ನೇ ತರುತ್ತದೆ. ಅಂದಕ್ಕೋ ಅನುಕೂಲಕ್ಕೋ ಅದನ್ನು ಕತ್ತರಿಸುವ ಮುನ್ನ ಬೆರಳಿಟ್ಟು ನೋಡುವ ತಾಳ್ಮೆಯಾದರೂ ನಮಗಿರಬೇಕು.

ಕೊನೆಗೆ, ಶಾಲೆಯ ಈಗಿನ ಮಕ್ಕಳಿಗೆ ಒಂದು ಸೂಚನೆ. ಪ್ರತಿ ಮಳೆಗಾಲದಲ್ಲಿಯೂ ಗಾಳಿಗೆ ಮುರಿದ ಹಲಸು ಮಾವುಗಳ ಕೊಂಬೆಗಳೊಂದಿಗೆ ಸೀತಾಳೆಗಳೂ ನೆಲಕ್ಕೆ ಬೀಳುತ್ತವೆ, ಬಿದ್ದಲ್ಲಿಯೇ ಕೊಳೆತುಹೋಗುತ್ತವೆ. ಮರದಲ್ಲಿರುವುದನ್ನು ಕೀಳಬೇಡಿ. ಬಿದ್ದುದನ್ನು ಆರಿಸಿ, ಬೇರು ಅಪ್ಪಿಕೊಂಡ ತೊಗಟೆಯ ತುಂಡಿನ ಸಹಿತ ತಂದು, ಅಂಗಳದ ಮರಗಳಿಗೆ ಎಳೆಬಿಸಿಲು ತಾಗುವ ಕಡೆ ಕಟ್ಟಿರಿ. ಸುಳಿಯಲ್ಲಿ ನೀರು ನಿಲ್ಲದಂತೆ ತುಸು ಓರೆಯಾಗಿರಲಿ. ನೈಲಾನ್ ದಾರ ಬೇಡ, ತೆಂಗಿನ ನಾರಿನ ಹಗ್ಗ ಸಾಕು. ಬೇರು ತೊಗಟೆಯನ್ನು ಗಟ್ಟಿಯಾಗಿ ಹಿಡಿದ ಮೇಲೆ ಹಗ್ಗ ತಾನಾಗಿ ಸವೆದು ಕಳಚಿಕೊಳ್ಳುತ್ತದೆ. ಶತಮಾನೋತ್ಸವದ ಸಂಚಿಕೆಗೆ ಲೇಖನ ಬರೆಯುವವರು ಆ ಮರಗಳ ಕೆಳಗೆ, ಆ ಹೂಗಳ ನೆರಳಿನಲ್ಲಿ ಕುಳಿತು ಕನ್ನಡದಲ್ಲಿಯೇ ಬರೆಯುವಂತಾಗಲಿ ಎಂದು ಹಾರೈಸುತ್ತೇನೆ.