ಅವ್ವನ ಗಂಟು ಮತ್ತು ನನ್ನ ಮೊಬೈಲು

 

ಸಂಜೆ ನಾಲ್ಕಾಯಿತೆಂದರೆ ಅವ್ವ ಎರಡು ಸೀರೆ ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಲ್ಲುತ್ತಾಳೆ. "ಸದಲಗಾಕ ಹೋಗ್ತೀನಿ, ಅಪ್ಪ ದಾರಿ ನೋಡ್ತಿರ್ತಾನ" ಅನ್ನುತ್ತಾಳೆ. ಸದಲಗಾ ಅವಳ ತವರು, ಚಿಕ್ಕೋಡಿ ಕಡೆ ದೂಧಗಂಗಾ ದಂಡೆಯ ಊರು. ಅವಳಪ್ಪ ತೀರಿಹೋಗಿ ನಲವತ್ತು ವರ್ಷವಾಯಿತು.

ಒಂದು ದಿನ ಯಾರಿಗೂ ತಿಳಿಯದಂತೆ ಹೊರಟೇಬಿಟ್ಟಳು. ಇಲ್ಲಿ ಯಡ್ರಾವದಲ್ಲಿ ಪಾಳಿ ಮುಗಿಸಿ ಬರುತ್ತಿದ್ದ ಮಗ್ಗದ ಹುಡುಗರು ಅವಳನ್ನು ಕೂರಿಸಿ, "ಆಜೀ, ಕುಠೆ ಜಾಯಚಂ?" ಎಂದು ಕೇಳಿದರಂತೆ. ಐವತ್ತು ವರ್ಷ ಇಚಲಕರಂಜಿಯ ಸಂತೆಯಲ್ಲಿ ಮರಾಠಿಯಲ್ಲೇ ಚೌಕಾಶಿ ಮಾಡಿದ ನನ್ನವ್ವ ಸುಮ್ಮನೆ ಅವರ ಮುಖ ನೋಡುತ್ತ ಕುಳಿತಿದ್ದಳು. ಮರಾಠಿ ಅವಳನ್ನು ಬಿಟ್ಟುಹೋಗಿತ್ತು! ಆಮೇಲೆ ಕಲಿತ ಭಾಷೆ ಮೊದಲು ಮರೆತು, ತಾಯಿನುಡಿ ಉಳಿಯುವುದುಂಟು ಎಂದು ಡಾಕ್ಟರು ನಂತರ ತಿಳಿಸಿದರು. ಈಗ ಅವಳ ಎಲೆ ಅಡಿಕೆ ಸಂಚಿಯಲ್ಲಿ ನಮ್ಮ ಫೋನ್ ನಂಬರನ್ನು ಮರಾಠಿಯಲ್ಲಿ ಬರೆದಿಟ್ಟಿದ್ದೇವೆ. ಸಂಚಿಯನ್ನು ಮಾತ್ರ ಅವಳು ಎಂದೂ ಮರೆಯುವುದಿಲ್ಲ.

ನಮ್ಮ ಜನ ಇದಕ್ಕೆ ಅರವತ್ತರ ಅರಳುಮರುಳು ಎಂದುಬಿಡುತ್ತಾರೆ. ಅದು ಡಿಮೆನ್ಶಿಯಾ ಎಂಬ ಕಾಯಿಲೆ. ಅರವತ್ತು ದಾಟಿದ ನೂರು ಭಾರತೀಯರಲ್ಲಿ ಸುಮಾರು 7 ಜನರಿಗೆ, ಒಟ್ಟು 88 ಲಕ್ಷ ಮಂದಿಗೆ ಇದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ.

ನನಗೋ ಮೊಬೈಲಿನ ಹುಚ್ಚು. ಗುಳಿಗೆಯ ಹೊತ್ತಿಗೆ ಗಂಟೆ ಹೊಡೆಯುವಂತೆ ಮಾಡಿದೆ, ಅವ್ವನ ವರದಿಗಳ ಫೋಟೋ ತೆಗೆದಿಟ್ಟೆ, ಆರೈಕೆಯ ವಿಡಿಯೋಗಳನ್ನು ಕೂಡಿಹಾಕಿದೆ. ದೊಡ್ಡ ಕೆಲಸ ಮಾಡಿದೆನೆಂದು ಹೆಮ್ಮೆಪಟ್ಟೆ. ಒಂದು ರಾತ್ರಿ ಹೆಂಡತಿ ಹೇಳಿದಳು: "ರೀ, ಅತ್ತ್ಯಾರಿಗೆ ಗುಳಿಗಿ ಕೊಡು ಅಂತ ನಿಮ್ಮ ಸಾಲ್ಯಾಗ ಗಂಟಿ ಹೊಡೀತದ. ಗುಳಿಗಿ ಕೊಡಾಕಿ ನಾ ಇಲ್ಲಿ ಅದೀನಿ!"

ನಾನು ತಲೆ ತಗ್ಗಿಸಿದೆ. ಅವಳ ಕೈಯಲ್ಲಿದ್ದದ್ದು ಹಳೆಯ ಗುಂಡಿ ಫೋನು. ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ ಅವ್ವನನ್ನು ಮೀಯಿಸುವವಳು, ಉಣಿಸುವವಳು, ಬೈಗುಳ ತಿನ್ನುವವಳು ಅವಳೇ. ಮರುದಿನವೇ ನನ್ನ ಫೋನ್ ಅವಳಿಗೆ ಕೊಟ್ಟು, ಗುಂಡಿ ಫೋನ್ ನಾನಿಟ್ಟುಕೊಂಡೆ.

ಆರೈಕೆ ಮಾಡುವವರಿಗೆಂದೇ ವಿಶ್ವ ಆರೋಗ್ಯ ಸಂಸ್ಥೆ 'ಐಸಪೋರ್ಟ್' ಎಂಬ ಆನ್‌ಲೈನ್ ಪಾಠಗಳನ್ನು ಹೊರತಂದಿತು. ರೋಗಿಯ ಜತೆ ವಾದ ಮಾಡಬೇಡಿ, ನಿಮ್ಮ ಆರೋಗ್ಯವನ್ನೂ ನೋಡಿಕೊಳ್ಳಿ ಎಂಬಂಥ ವಿಷಯಗಳು ಅದರಲ್ಲಿವೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಸೇರಿ ಇದನ್ನು ನಮ್ಮ ದೇಶದ 151 ಜನ ಆರೈಕೆದಾರರ ಮೇಲೆ ಪರೀಕ್ಷಿಸಿದರು. 2021ರಲ್ಲಿ ಬಂದ ಫಲಿತಾಂಶದಂತೆ ರೋಗಿಯನ್ನು ಕಾಣುವ ದೃಷ್ಟಿ ಸುಧಾರಿಸಿತ್ತು, ಆದರೆ ಹೊರೆ ಮತ್ತು ಖಿನ್ನತೆ ಹೇಳುವಷ್ಟು ಇಳಿಯಲಿಲ್ಲ. ಬಹಳ ಜನ ನಡುವೆಯೇ ಬಿಟ್ಟರು. ಬಿಡದೆ ಏನು ಮಾಡ್ಯಾರು? ನನ್ನ ಹೆಂಡತಿಗೆ ಐದು ನಿಮಿಷ ಕೂತು ಚಹಾ ಕುಡಿಯಲೂ ಪುರುಸೊತ್ತಿಲ್ಲ!

ನಮಗೆ ಹೆಚ್ಚು ಒದಗಿದ್ದು ಸಣ್ಣ ಸಂಗತಿ. ಸದಲಗಾದಲ್ಲಿರುವ ಸೋದರಮಾವನಿಗೆ ವಾಟ್ಸಾಪಿನಲ್ಲಿ ದನಿ ಕಳಿಸಲು ಹೇಳಿದೆವು. ಮೊದಲು ಅವರು, "ಅಕ್ಕಾ, ನಾಳೆ ಕರಿಯಾಕ ಬರ್ತೀನಿ" ಎಂದು ಕಳಿಸಿದರು. ಅವ್ವ ಮರುದಿನ ಬೆಳಿಗ್ಗೆಯೇ ಗಂಟು ಕಟ್ಟಿದಳು! ಹಾಗಲ್ಲ ಮಾವ ಎಂದು ಮತ್ತೊಂದು ಮಾಡಿಸಿದೆ: "ಅಕ್ಕಾ, ನಾವೆಲ್ಲಾರೂ ಆರಾಮ ಅದೀವಿ. ಜ್ವಾಳಾ ಚಲೋ ಬಂದಾವ. ನೀ ಚಾ ಕುಡಿ." ಇದರಲ್ಲಿ ಸುಳ್ಳಿಲ್ಲ. ಹತ್ತು ಸಲ ಹಚ್ಚಿದರೆ ಏಳು ಸಲವಾದರೂ ಅವ್ವ ಗಂಟು ಕೆಳಗಿಟ್ಟು ಚಹಾ ಕುಡಿಯುತ್ತಾಳೆ. ಉಳಿದ ಸಲ ಫೋನಿಗೇ ಬೈಯುತ್ತಾಳೆ.

ಇನ್ನೊಂದು, 2022ರ ಅಕ್ಟೋಬರಿನಲ್ಲಿ ಸರ್ಕಾರ ಆರಂಭಿಸಿದ 'ಟೆಲಿ ಮಾನಸ್' ಉಚಿತ ಸಹಾಯವಾಣಿ, ನಂಬರು 14416. ಕನ್ನಡ, ಮರಾಠಿ ಎರಡರಲ್ಲೂ ಮಾತಾಡಬಹುದು. ಒಂದು ರಾತ್ರಿ ಹೆಂಡತಿ ಅಲ್ಲಿ ಬಹಳ ಹೊತ್ತು ಮಾತಾಡಿ ಅತ್ತಳು. ಅವರು ಸುಮ್ಮನೆ ಕೇಳಿಸಿಕೊಂಡರಂತೆ. ಮೂರು ವರ್ಷದಲ್ಲಿ ಅವಳ ಮಾತನ್ನು ಅಷ್ಟು ಹೊತ್ತು ಯಾರೂ ಕೇಳಿರಲಿಲ್ಲ, ನಾನೂ ಸೇರಿ.

ಈಗ ಭಾನುವಾರ ಅವಳಿಗೆ ರಜೆ, ಅವ್ವ ನನ್ನ ಪಾಲಿಗೆ. ಹೋದ ವಾರ ಅವಳು ತವರಿಗೆ ಹೋಗಿದ್ದಳು. ನಾಲ್ಕಕ್ಕೆ ಸರಿಯಾಗಿ ಅವ್ವ ಗಂಟು ಕಟ್ಟಿದಳು. ಮಾವನ ದನಿ ಹಚ್ಚೋಣವೆಂದು ಫೋನ್ ಹುಡುಕಿದರೆ, ಅದು ಹೆಂಡತಿಯ ಜತೆಗೇ ಹೋಗಿದೆ! ಚಪ್ಪಲಿ ಮೆಟ್ಟಿ, ಗಂಟು ನಾನೇ ಹೊತ್ತು, ಅವ್ವನ ಕೈ ಹಿಡಿದು ರಸ್ತೆಯ ತಿರುವಿನವರೆಗೆ ಹೋದೆ. ಅಲ್ಲಿ ನಿಂತು, "ಊರು ದೂರ ಐತಿ, ಕಾಲು ನೋಯ್ತಾವ, ಮನಿಗೆ ನಡಿ" ಎಂದು ಅವಳೇ ನನ್ನನ್ನು ಕರೆದುಕೊಂಡು ಬಂದಳು.