ಹಿತ್ತಲ ನೀರಿನ ಒಕ್ಕಲು

ಮೀನು ಸಾಕುವುದೆಂದರೆ ನೀರು ಸಾಕುವುದು. ಈ ಹವ್ಯಾಸ ನನಗೆ ಇಷ್ಟು ಹಿಡಿಸಿರುವುದಕ್ಕೆ ಕಾರಣವೂ ಅದೇ. ನಾಯಿಯ ತಲೆ ನೇವರಿಸಬಹುದು, ಕರುವಿನ ಗಂಗೆದೊಗಲು ತುರಿಸಬಹುದು. ಮೀನನ್ನು ಮುಟ್ಟಿದರೆ ಅದರ ಮೈಮೇಲಿನ ಲೋಳೆ ಕಳಚಿ ರೋಗಕ್ಕೆ ದಾರಿಯಾಗುತ್ತದೆ. ಮೀನಿನ ಮೇಲಿನ ಅಕ್ಕರೆಯನ್ನೆಲ್ಲ ನೀರಿಗೇ ತೋರಿಸಬೇಕು.

ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯ ಹಿತ್ತಲಲ್ಲಿ, ಬಾವಿಕಟ್ಟೆಯ ಪಕ್ಕ, 8 ಅಡಿ ಉದ್ದ, 5 ಅಡಿ ಅಗಲ, ಎರಡೂವರೆ ಅಡಿ ಆಳದ ಕೊಳವಿದೆ. ಹಿಡಿಯುವುದು ಸುಮಾರು 2,800 ಲೀಟರ್ ನೀರು. ಸಿಮೆಂಟ್ ತೊಟ್ಟಿ ಕಟ್ಟಿದ ಮಾತ್ರಕ್ಕೆ ಅದು ಕೊಳವಾಗುವುದಿಲ್ಲ. ಹೊಸ ಸಿಮೆಂಟಿನ ಸುಣ್ಣ ಬಿಟ್ಟುಕೊಂಡು ನೀರು ಕ್ಷಾರವಾಗುತ್ತದೆ. ಮೀನಿನ ಕಿವಿರು ಅದನ್ನು ತಾಳದು. ಬಾಳೆದಿಂಡಿನ ತುಂಡು ಹಾಕಿ ಕೊಳೆಯಲು ಬಿಟ್ಟು, ನೀರು ಚೆಲ್ಲಿ, ತಿಕ್ಕಿ, ಮತ್ತೆ ತುಂಬಿ, ಮತ್ತೆ ಚೆಲ್ಲಿ ಹದಕ್ಕೆ ತರಬೇಕು. ಆಮೇಲೂ ಅವಸರ ಕೂಡದು. ಮೀನು ಕಿವಿರಿನಿಂದ ಹೊರಹಾಕುವ ಅಮೋನಿಯಾ ಅದಕ್ಕೇ ವಿಷ. ಕಲ್ಲಿಗೂ ಬೇರಿಗೂ ಅಂಟಿಕೊಂಡು ಬಾಳುವ ಬ್ಯಾಕ್ಟೀರಿಯಾಗಳಲ್ಲಿ ಒಂದು ಬಗೆ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಕೊನೆಗೆ ಉಳಿದದ್ದು ತಾವರೆಗೆ, ಅಂತರಗಂಗೆಗೆ ಗೊಬ್ಬರ. ಕಣ್ಣಿಗೆ ಕಾಣದ ಈ ಸಂಸಾರ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಕಲ್ಲಿನ ಪಾಚಿಯನ್ನೆಲ್ಲ ಉಜ್ಜಿ ಬೆಳ್ಳಗೆ ಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅವರು ತೊಳೆಯುತ್ತಿರುವುದು ಕೊಳದ ಜೀವವನ್ನೇ.

"ಸೊಳ್ಳೆ ಸಾಕ್ತೀಯೇನೋ ಮಾರಾಯ?" ಎಂದು ಪಕ್ಕದ ಮನೆಯ ದೊಡ್ಡಮ್ಮ ಕೇಳಿದ್ದರು. ಅದಕ್ಕೆ ಉತ್ತರ ಕೊಟ್ಟದ್ದು ಗದ್ದೆಯ ಕಾಲುವೆಯಿಂದ ತಂದ ಪಂಚಾಕ್ಸ್ ಮೀನುಗಳು. ಬೆರಳುದ್ದದ ಮೀನು, ಮೇಲ್ಮುಖವಾದ ಬಾಯಿ, ನೆತ್ತಿಯ ಮೇಲೆ ಬೆಳ್ಳಿಯ ಬೊಟ್ಟು. ಇಡೀ ಬದುಕು ನೀರಿನ ಮೇಲ್ಪದರದಲ್ಲೇ. ಸೊಳ್ಳೆಯ ಮರಿಹುಳು ಉಸಿರಾಡಲು ಮೇಲೆ ಬಂದೇ ಬರಬೇಕು. ಇವು ಅಲ್ಲೇ ಕಾದಿರುತ್ತವೆ. ಆರೋಗ್ಯ ಇಲಾಖೆಯವರು ಸೊಳ್ಳೆ ತಡೆಯಲು ಗಪ್ಪಿ, ಗ್ಯಾಂಬೂಸಿಯಾ ಮೀನು ಬಿಡುತ್ತಾ ಬಂದಿದ್ದಾರೆ. ಎರಡೂ ಅಮೆರಿಕ ಖಂಡಗಳ ಕಡೆಯಿಂದ ಬಂದವು. ನಮ್ಮ ಗದ್ದೆಯ ಮೀನೇ ಆ ಕೆಲಸವನ್ನು ಇಷ್ಟು ಚೆನ್ನಾಗಿ ಮಾಡುವಾಗ ಹೊರಗಿನವು ಏಕೆ ಬೇಕು ಎನ್ನುವುದು ನನ್ನ ವಾದ. ಅಂತರಗಂಗೆಯ ಬೇರುಗಳ ಎಳೆಗೆ ಪಂಚಾಕ್ಸ್ ಒಂದೊಂದೇ ಮೊಟ್ಟೆ ಅಂಟಿಸುತ್ತದೆ. ಎರಡು ವಾರದ ಒಳಗೆ ಒಡೆದು, ಕಣ್ಣೆರಡು ಮಾತ್ರ ಕಾಣುವ ಮರಿ ಹೊರಬರುತ್ತದೆ. ದೊಡ್ಡವು ಮರಿಗಳನ್ನೂ ನುಂಗುತ್ತವೆ. ಬೇರಿನ ಕಾಡು ದಟ್ಟವಾಗಿದ್ದಷ್ಟೂ ಮರಿಗಳು ಉಳಿಯುತ್ತವೆ.

ನಡುನೀರಿನಲ್ಲಿ ಸಣ್ಣ ಗೆಂಡೆಗಳಿವೆ, ತಳದಲ್ಲಿ ನಾಲ್ಕು ಗೋಲ್ಡ್‌ಫಿಶ್. ಈ ಎರಡೂ ಒಂದೇ ಕುಲದವು, ಕಿವಿ ಬಲು ಚುರುಕು. ಹೊಟ್ಟೆಯೊಳಗಿನ ಗಾಳಿಚೀಲಕ್ಕೆ ತಾಗಿದ ನಡುಕವನ್ನು ಸಣ್ಣ ಮೂಳೆಗಳ ಸರಪಳಿ ಒಳಗಿವಿಗೆ ದಾಟಿಸುತ್ತದೆ. ನನ್ನ ಹೆಜ್ಜೆ ಯಾವುದೆಂದು ಅವಕ್ಕೆ ಗೊತ್ತು. ಜಂಬಿಟ್ಟಿಗೆಯ ಅಂಚಿಗೆ ಕಾಲಿಟ್ಟ ಕೂಡಲೇ ಇಡೀ ಹಿಂಡು ನನ್ನ ಕಡೆ ತಿರುಗುತ್ತದೆ. ಆ ಕ್ಷಣದ ಸುಖವನ್ನು ಬೇರೆ ಯಾವುದಕ್ಕೂ ನಾನು ಕೊಡಲಾರೆ.

ಕಡಲೆಹಿಂಡಿ, ಅಕ್ಕಿ ತೌಡು ಸಮಸಮ ಕಲಸಿ ಒಣಗಿಸಿದ ಪುಡಿ ಅವುಗಳ ಊಟ. ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು. ಮಿಕ್ಕದ್ದು ಕೊಳೆತು ಮತ್ತೆ ಅಮೋನಿಯಾ. ಈ ಉಣಿಸುವ ಪ್ರೀತಿ ಹಳೆಯದು. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರನ 12ನೇ ಶತಮಾನದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಅದು ಗಾಳ ಹಾಕುವವರ ಶಾಸ್ತ್ರ, ನಿಜ. ಆದರೂ ಯಾವ ಮೀನಿಗೆ ಯಾವ ಮೇವು ಹಿತ ಎಂಬುದನ್ನು ಅರಸನೊಬ್ಬ ಅಷ್ಟು ಜತನದಿಂದ ಬರೆದಿಟ್ಟನಲ್ಲ! ಶೃಂಗೇರಿಯ ತುಂಗೆಯ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಎಸೆಯುವವರ ಮುಖ ನೋಡಿ, ಅದೇ ಪ್ರೀತಿ ಕಾಣುತ್ತದೆ.

ಬೇಸಗೆಯ ಬೆಳಗಿನ ಜಾವ ಕೊಳವನ್ನು ನೋಡಲೇಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಸಾಲದ್ದಕ್ಕೆ ರಾತ್ರಿಯಿಡೀ ಗಿಡ, ಪಾಚಿಗಳೂ ಅದನ್ನೇ ಉಸಿರಾಡಿರುತ್ತವೆ. ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಅದು ಹಸಿವಲ್ಲ, ಉಸಿರುಕಟ್ಟಿದ್ದು. ಆಗ ಕೊಡದಿಂದ ಎತ್ತರದಲ್ಲಿ ನೀರು ಹೊಯ್ಯುತ್ತೇನೆ; ಬಿದ್ದ ನೀರು ಗಾಳಿಯನ್ನು ಒಳಗೆ ಒಯ್ಯುತ್ತದೆ. ನಮ್ಮದು ಬಾವಿನೀರು. ಪೇಟೆಯ ನಲ್ಲಿನೀರಾದರೆ ಕ್ಲೋರಿನ್ ಹಾರಿಹೋಗಲು ಒಂದೆರಡು ದಿನ ತೆರೆದಿಟ್ಟು ಬಳಸಬೇಕು.

ಆರಿದ್ರಾ ಮಳೆ ಹಿಡಿದರೆ ಕಾವಲು ಬೇರೆ ಬಗೆಯದು. ಕೊಳ ತುಂಬಿ ಹೊರಗೆ ಹರಿಯುತ್ತದೆ. ತೂಬಿನ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿದ್ದೇನೆ, ಎಲೆ ಸಿಕ್ಕಿಕೊಳ್ಳದಂತೆ ದಿನವೂ ಬಿಡಿಸುತ್ತೇನೆ. ಪಂಚಾಕ್ಸ್ ದಾಟಿಹೋದರೆ ತನ್ನ ಗದ್ದೆಗೇ ಹೋದೀತು. ಗೋಲ್ಡ್‌ಫಿಶ್ ಹಾಗಲ್ಲ. ನಮ್ಮ ತೋಡು ಹಳ್ಳ ಸೇರಿ, ಹಳ್ಳ ತುಂಗೆ ಸೇರುತ್ತದೆ. ಹೊಳೆಯಲ್ಲಿ ಅದು ಕೆಸರು ಕೆದಕಿ, ಅಲ್ಲಿನ ಮೀನಿನ ಮೊಟ್ಟೆ ತಿಂದು ಬೆಳೆಯುತ್ತದೆ. ಗಾಜಿನ ತೊಟ್ಟಿಯ ಪಾಚಿ ತಿನ್ನಲೆಂದು ತಂದ ಸಕ್ಕರ್ ಮೀನು ಈಗಾಗಲೇ ಎಷ್ಟೋ ಕೆರೆಗಳಲ್ಲಿ ಮೀನುಗಾರರ ಬಲೆ ಹರಿಯುತ್ತಿದೆ. ಸಾಕಲು ಆಗದ ಮೀನನ್ನು, ಬದುಕಿಕೊಳ್ಳಲಿ ಎಂಬ ಕರುಣೆಯಿಂದಲೂ, ದಯವಿಟ್ಟು ಕೆರೆಗೋ ಹೊಳೆಗೋ ಬಿಡಬೇಡಿ. ತಂದ ಅಂಗಡಿಗೆ ಹಿಂದಿರುಗಿಸಿ, ಇಲ್ಲವೇ ಕೊಳವಿರುವ ಇನ್ನೊಬ್ಬರಿಗೆ ಕೊಡಿ.