ಅಪ್ಪ ಕುಡಿಯದ ಕಾಫಿ

ನಮ್ಮ ಮನೆಯಲ್ಲಿ ಕಾಫಿಬೀಜ ಹುರಿಯುವುದೆಂದರೆ ಬೀಜ ಕರ್ರಗಾಗಿ, ಎಣ್ಣೆ ಜಿನುಗಿ, ಹೊಗೆ ಹೆಂಚಿನವರೆಗೆ ಏರಬೇಕು. ಅಮ್ಮ ಹಾಗೇ ಹುರಿಯುತ್ತಿದ್ದಳು, ನಾನೂ ಹಾಗೇ ಕಲಿತೆ. ಮಕ್ಕಳಿಗೆ ದಿನವೂ “ಯಾಕೆ ಅಂತ ಕೇಳ್ರೋ” ಎಂದು ಹೇಳುವ ಮೇಷ್ಟ್ರಮ್ಮ ನಾನು. ಇದೊಂದನ್ನು ಮಾತ್ರ ಯಾಕೆಂದು ಐವತ್ತು ದಾಟುವವರೆಗೂ ಕೇಳಲಿಲ್ಲ.

ಹೋದ ಬೇಸಿಗೆ ರಜೆಯಲ್ಲಿ ನಮ್ಮ ಶಾಲೆಯ ಟೀಚರೊಬ್ಬರು ಆಂಧ್ರದ ಅರಕು ಕಣಿವೆಗೆ ಹೋಗಿ ಬಂದರು. ಬರುವಾಗ ಅರ್ಧ ಕೆಜಿ ಹುರಿಯದ ಬೀಜ ತಂದಿದ್ದರು. “ಸಕಲೇಶಪುರದವರಿಗೇ ಕಾಫಿ ತಂದಿದ್ದೀನಿ, ನಗಬೇಡಿ” ಎಂದು ಕೈಗಿತ್ತರು. ಪೂರ್ವಘಟ್ಟದ ಆ ಬೆಟ್ಟಗಳಲ್ಲಿ ಆದಿವಾಸಿ ಕುಟುಂಬಗಳು ಮರದ ನೆರಳಿನಲ್ಲಿ ಸಾವಯವವಾಗಿ ಅರೇಬಿಕಾ ಬೆಳೆಯುತ್ತವೆ. ಒಬ್ಬೊಬ್ಬರದು ತುಂಡು ಜಮೀನು. ಆದರೆ ಸಹಕಾರ ಸಂಘ ಕಟ್ಟಿಕೊಂಡು, ಹಣ್ಣನ್ನು ಒಂದೆಡೆ ತಂದು ಒಟ್ಟಿಗೆ ಸಂಸ್ಕರಿಸುತ್ತಾರೆ. 2017ರಲ್ಲಿ ಆ ಕಾಫಿಗೆ ಪ್ಯಾರಿಸ್ಸಿನಲ್ಲಿ ಅಂಗಡಿಯೇ ತೆರೆಯಿತು. 2019ರಲ್ಲಿ ನಮ್ಮ ಕೊಡಗು, ಚಿಕ್ಕಮಗಳೂರಿನ ಅರೇಬಿಕಾಗಳ ಜೊತೆಗೆ ಅದಕ್ಕೂ ಭೌಗೋಳಿಕ ಗುರುತು ಸಿಕ್ಕಿತು.

ಮೊದಲ ದಿನ ಅಭ್ಯಾಸಬಲದಿಂದ ಕರ್ರಗೆ ಹುರಿದೆ. ಕುಡಿದರೆ ಬರೀ ಹೊಗೆ. ಇದಕ್ಕೇನು ಪ್ಯಾರಿಸ್ಸು ಎಂದುಕೊಂಡೆ.

ಮಾರನೆಯ ಭಾನುವಾರ ಸಣ್ಣ ಉರಿಯಲ್ಲಿ, ಕಬ್ಬಿಣದ ಬಾಣಲೆ ಬಿಟ್ಟು ಕದಲದೆ ನಿಂತೆ. ಮೊದಲು ಹಸಿ ಹುಲ್ಲಿನ ವಾಸನೆ. ಬೀಜ ಹಳದಿಗೆ ತಿರುಗಿದಾಗ ಬ್ರೆಡ್ಡು ಸುಟ್ಟ ಘಮ. ಹೊಟ್ಟು ಹಾರಿತು. ಹತ್ತು ನಿಮಿಷ ದಾಟಿದ ಮೇಲೆ ಅರಳು ಸಿಡಿದಂತೆ ಚಟ್ ಚಟ್ ಸದ್ದು. ಆ ಸದ್ದು ಅಡಗುತ್ತಿದ್ದಂತೆ ಇಳಿಸಿ, ಮೊರಕ್ಕೆ ಸುರಿದು ಬೀಸಿ ಆರಿಸಿದೆ. ತಡೆದಿದ್ದರೆ ಎರಡನೆಯ ಸಲ, ಸಾಸಿವೆ ಸಿಡಿದಂತೆ, ಸಣ್ಣ ಸದ್ದು ಶುರುವಾಗುತ್ತದೆ. ಆಮೇಲೆ ಎಣ್ಣೆ, ಆಮೇಲೆ ಹೊಗೆ.

ಮೊರದಲ್ಲಿ ಬೀಜವೆಲ್ಲ ಒಂದೇ ಬಣ್ಣ. ಸಾವಯವ ಎಂದ ಮಾತ್ರಕ್ಕೆ ಹೀಗಾಗುವುದಿಲ್ಲ. ಹಣ್ಣಾದದ್ದನ್ನೇ ಆರಿಸಿ ಕಿತ್ತು, ಹದವಾಗಿ ಒಣಗಿಸಿರಬೇಕು. ಕಾಯಿ ಬೆರೆತಿದ್ದರೆ ಎಷ್ಟು ಹುರಿದರೂ ಕೆಲವು ಬೀಜ ಬಿಳಿಚಿಕೊಂಡೇ ಉಳಿಯುತ್ತವೆ. ಅದನ್ನು ಮರೆಮಾಡಲು ಕರ್ರಗೆ ಹುರಿಯಬೇಕು, ಚಿಕೋರಿ ಬೆರೆಸಬೇಕು. ಅಮ್ಮ ಯಾಕೆ ಹಾಗೆ ಹುರಿಯುತ್ತಿದ್ದಳೆಂದು ನನಗೆ ಹೊಳೆದದ್ದು ಆಗಲೇ.

ಅಪ್ಪನದು ಎರಡು ಎಕರೆ ತೋಟ. ಆಗ ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸಬೇಕಿತ್ತು. ಒಳ್ಳೆಯ ಬೀಜವೆಲ್ಲ ಮೂಟೆಯಾಗಿ ಹೋಗಿ ಎಲ್ಲರದರ ಜೊತೆ ಬೆರೆಯುತ್ತಿತ್ತು. ಹಣ ಕಂತಿನಲ್ಲಿ ಬರುತ್ತಿತ್ತು. ಮನೆಗೆ ಉಳಿಯುತ್ತಿದ್ದದ್ದು ಗಿಡದ ಬುಡದಲ್ಲಿ ಉದುರಿದ್ದು, ಒಡಕು, ಕಪ್ಪು. 1996ರಲ್ಲಿ ಪೂಲು ಪೂರ್ತಿ ನಿಂತಿತು. ಈಗ ನಮ್ಮ ಮಾಲಿಗೆ ನಮ್ಮದೇ ಬೆಲೆ ಎಂದು ಅಪ್ಪ ಹಿಗ್ಗಿದರು. ಆದರೆ ಎರಡು ಎಕರೆಯವನು ಒಬ್ಬನೇ ನಿಂತರೆ ವ್ಯಾಪಾರಿ ಹೇಳಿದ್ದೇ ಬೆಲೆ. 2001ರ ಹೊತ್ತಿಗೆ ಕಾಫಿ ದರ ನೆಲ ಕಚ್ಚಿತು, ಸಾಲ ಬೆಳೆಯಿತು. ತೋಟ ಮಾರಿದ ದಿನ ಅಪ್ಪ ಊಟ ಮಾಡಲಿಲ್ಲ. “ಇನ್ನೆರಡು ವರ್ಷ ತಡೀಬೇಕಿತ್ತು” ಎಂದು ನಾನು ಬುದ್ಧಿ ಹೇಳಿದ್ದೆ. ತಡೆಯಲು ಜೊತೆಗೆ ಯಾರಿದ್ದರು ಎಂದು ಯೋಚಿಸಿರಲಿಲ್ಲ. ಆ ಮಾತು ಈಗಲೂ ಚುಚ್ಚುತ್ತದೆ.

ಹುರಿದ ಬೀಜವನ್ನು ಒಂದು ದಿನ ಬಿಟ್ಟು ಪುಡಿ ಮಾಡಿ, ಚಿಕೋರಿ ಇಲ್ಲದೆ ಡಿಕಾಕ್ಷನ್ ಇಳಿಸಿದೆ. ಅಮ್ಮನಿಗೆ ಎಂಬತ್ತು ದಾಟಿದೆ. ಒಂದು ಗುಟುಕು ಕುಡಿದು, “ಚಿಕೋರಿ ಹಾಕಿಲ್ವೇನೇ?” ಎಂದಳು. ಇಲ್ಲವೆಂದೆ. ಮಾತಾಡದೆ ಕುಡಿದು ಮುಗಿಸಿದಳು.

“ನಮ್ಮ ತೋಟದ್ದೂ ಹಿಂಗೇ ಇತ್ತೇನೋ. ನಾವು ಕುಡಿದು ನೋಡಲೇ ಇಲ್ಲ” ಎಂದಳು. ಲೋಟವನ್ನು ನನ್ನ ಕೈಗಿಟ್ಟು, ಸ್ವಲ್ಪ ಹೊತ್ತಿನ ಮೇಲೆ, “ನಿಮ್ಮಪ್ಪ ಇದ್ದಿದ್ರೆ ಇನ್ನೊಂದು ಲೋಟ ಕೇಳೋರು” ಎಂದಳು.